ಮೂವತ್ತಾರನೆಯದು

ಆ ದಿನ ಬೆಳಗ್ಗೆ ಮಂಜು ಬಿದ್ದಿತ್ತು. ಬಿದ್ದಿತ್ತು ಅನ್ನುವುದಕ್ಕಿಂತ ಬಂದು ಕೂತಿತ್ತು ಅನ್ನಬೇಕು, ಕರೆಯದ ನೆಂಟ ಬಂದು ಕೂತ ಹಾಗೆ. ಬೀದಿಯ ಆಚೆ ಬದಿಯ ಮನೆಗಳು ಕಾಣುತ್ತಿರಲಿಲ್ಲ. ಹಾಲಿನವನ ಸೈಕಲ್ಲಿನ ಗಂಟೆ ಮೊದಲು ಬಂತು, ಆಮೇಲೆ ಸೈಕಲ್ಲು, ಎಲ್ಲಕ್ಕೂ ಕೊನೆಗೆ ಹಾಲಿನವನು. ದೇವರು ಸ್ಲೇಟಿನ ಮೇಲೆ ಲೋಕವನ್ನು ಬರೆದು, ಯಾಕೋ ಮನಸ್ಸಿಗೆ ಬಾರದೆ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ ಹಾಗಿತ್ತು.

ಬಾಗಿಲಲ್ಲಿ ನಿಂತು ಆ ಮನೆಯ ದೊಡ್ಡ ಸೊಸೆ ಮಂಜಿಗೆ ಬೈಯುತ್ತಿದ್ದಳು.

"ಬಿಸಿಲು ಬರಲಿ ಅಪ್ಪ. ಬಂದ ಮೇಲೆ ಫೋಟೋ ತೆಗೀತೀನಿ. ಈ ಮಬ್ಬಲ್ಲಿ ತೆಗೆದ್ರೆ ನೀನು ದೆವ್ವದ ಹಾಗೆ ಬರ್ತೀಯ."

"ಮುಖ ಇರೋದೇ ಹಾಗೆ. ಪಾಪ, ಮಂಜಿನ ಮೇಲೆ ಯಾಕೆ ಹಾಕ್ತೀಯ?" ಅಂದರು ಜಗಲಿಯ ಬೆಂಚಿನ ಮೇಲೆ ಕೂತಿದ್ದ ಅವಳ ಅಪ್ಪ. ಅಂದು ಎಡಗಡೆಯ ದವಡೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡರು. ನಗು ಬಂದರೆ ನೋವೂ ಜೊತೆಗೇ ಬರುತ್ತಿತ್ತು ಅವರಿಗೆ.

ಒಳಗೆ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದ ಚಿಕ್ಕ ಸೊಸೆಗೆ ಇದೆಲ್ಲ ಕೇಳುತ್ತಿತ್ತು. ಅವಳ ಮಗಳ ಬಾಯಲ್ಲಿ ಅವರು ಅಜ್ಜ ಆಗುವವರು, ಹಾಗಾಗಿ ಅವಳ ಬಾಯಲ್ಲೂ ಅಜ್ಜನೇ. ನಲವತ್ತು ವರ್ಷ ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ತುತ್ತೂರಿ ಊದಿದವರು. ಹಿಂದಿನ ಸಂಜೆ ಬಂದಿದ್ದರು, ಹತ್ತು ಗಂಟೆಯ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೊರಡುವವರಿದ್ದರು. ಮರುದಿನ ಬೆಳಗ್ಗೆ ಆಪರೇಷನ್ನು. ದವಡೆಯ ಮೂಳೆಯಲ್ಲಿ ಗಡ್ಡೆ ಬೆಳೆದಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಎಡಗಡೆ ದವಡೆ ತೆಗೆಯಬೇಕು, ಮುಖ ಮೊದಲಿನ ಹಾಗೆ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ದೊಡ್ಡವಳಿಗೆ ಬೇಕಾಗಿದ್ದುದು ಇಷ್ಟೇ: ಆ ಮುಖ, ಇದ್ದ ಹಾಗೆ, ಒಂದು ಸಲ.

ಹಾಗೆ ನೋಡಿದರೆ ಈ ಊರಲ್ಲಿ ಅವರಷ್ಟು ಫೋಟೋಗಳಲ್ಲಿ ಇರುವ ಮನುಷ್ಯ ಇನ್ನೊಬ್ಬನಿಲ್ಲ. ಯಾರ ಮನೆಯ ಮದುವೆ ಆಲ್ಬಮ್ಮು ತೆಗೆದರೂ ಒಂದು ಮೂಲೆಯಲ್ಲಿ ಅಜ್ಜ ಇರುತ್ತಾರೆ. ಆದರೆ ಪ್ರತಿಯೊಂದರಲ್ಲೂ ಅರ್ಧ ಮುಖಕ್ಕೆ ತುತ್ತೂರಿ ಅಡ್ಡ, ಉಳಿದರ್ಧದಲ್ಲಿ ಗಾಳಿ ತುಂಬಿದ ಕೆನ್ನೆ, ಮೇಲೆ ಹೊರಬಂದ ಕಣ್ಣು. "ಸಾವಿರ ಫೋಟೋ ಇದೆ, ನಮ್ಮಪ್ಪ ಒಂದರಲ್ಲೂ ಇಲ್ಲ" ಎಂದು ದೊಡ್ಡವಳು ಆಗಾಗ ಹೇಳುವುದಿತ್ತು.

ಇನ್ನು ಕ್ಯಾಮೆರಾದ ಮಾತು. ಅದು ಒಂದು ಸೋಪಿನ ಡಬ್ಬಿಯಷ್ಟೇ ದೊಡ್ಡದು, ಕಪ್ಪು ಬಣ್ಣದ್ದು. ಮುಚ್ಚಳ ಪಕ್ಕಕ್ಕೆ ಸರಿಸಿದರೆ ಕಣ್ಣು ತೆರೆಯುತ್ತದೆ. ಬೆಳಕು ಸಾಲದಿದ್ದರೆ ತಾನೇ ಮಿಂಚು ಹೊಡೆಯುತ್ತದೆ. ಒಂದು ಫೋಟೋ ತೆಗೆದ ಕೂಡಲೇ ಜುರ್ರ್ ಎಂದು ತಾನೇ ರೋಲನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಗಂಡನ ಜೊತೆ ದೂರದೂರಿಗೆ ಹೊರಟಾಗ ನಾದಿನಿ ಅದನ್ನು "ಇಬ್ಬರು ಅತ್ತಿಗೆಯರಿಗೂ" ಎಂದು ಕೊಟ್ಟು ಹೋಗಿದ್ದಳು. ಇಬ್ಬರಿಗೆ ಒಂದು ಕ್ಯಾಮೆರಾ ಕೊಡುವುದು ಅಂದರೆ ಓರಗಿತ್ತಿಯರ ಮಧ್ಯೆ ಒಂದು ಬೆಂಕಿಪೊಟ್ಟಣ ಇಟ್ಟು ಹೋದ ಹಾಗೆ. ಆದರೆ ಅತ್ತೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಡುವವರಲ್ಲ. ರೋಲಿಗೆ ಮೂವತ್ತಾರು, ಮೊದಲ ಹದಿನೆಂಟು ಒಬ್ಬಳಿಗೆ, ಆಮೇಲಿನ ಹದಿನೆಂಟು ಇನ್ನೊಬ್ಬಳಿಗೆ. ಮುಂದಿನ ರೋಲಿಗೆ ಅದಲು ಬದಲು. ಪಾಲು ಮುಗಿದವಳು ತುಟಿಪಿಟಕ್ಕೆನ್ನದೆ ಕ್ಯಾಮೆರಾ ದಾಟಿಸಬೇಕು. ಇದು ಅತ್ತೆಯ ಕಾಯಿದೆ. ಯಾರದೂ ಅಲ್ಲದ ಹೊತ್ತಿನಲ್ಲಿ ಅದು ಅತ್ತೆಯ ಮಂಚದ ಪಕ್ಕದ ಮೊಳೆಯಲ್ಲಿ, ಅವರ ಜಪದ ಮಣಿಸರದ ಜೊತೆಗೆ ನೇತಾಡುತ್ತಿರುತ್ತಿತ್ತು.

ಈ ರೋಲಿನಲ್ಲಿ ಮೊದಲ ಪಾಳಿ ಚಿಕ್ಕವಳದು. ಹದಿನೆಂಟನ್ನೂ ಅವಳು ಎರಡು ವಾರದಲ್ಲಿ ಮಗುವಿನ ಮೇಲೆ ಸುರಿದಿದ್ದಳು. "ಮಲಗಿದ್ದು ಏಳು ಸಲ ತೆಗೆದಿದ್ದಾಳೆ. ಮಗ್ಗುಲು ಬದಲಾಯಿಸಿದ್ದು ಬಿಟ್ರೆ ಏನೇ ವ್ಯತ್ಯಾಸ?" ಎಂದು ದೊಡ್ಡವಳು ಚುಚ್ಚಿದ್ದಳು. "ಕಣ್ಣಿಲ್ಲದವರಿಗೆ ವ್ಯತ್ಯಾಸ ಕಾಣಲ್ಲ ಅಕ್ಕ" ಎಂದು ಇವಳೂ ತಿರುಗಿಸಿದ್ದಳು. ದೊಡ್ಡವಳದು ಬೇರೆ ರೀತಿ. ಅವಳು ಮನೆಯಲ್ಲೇ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಒಂದು ಗೇಣು ಬಟ್ಟೆಗೂ ಹತ್ತು ಸಲ ಅಳತೆ ಹಿಡಿಯುವ ಕೈ. ಏಳು ತಿಂಗಳಲ್ಲಿ ಹದಿನೇಳು ತೆಗೆದು, ಕೊನೆಯದೊಂದನ್ನು ಅಪ್ಪನಿಗೆಂದೇ ಎತ್ತಿಟ್ಟಿದ್ದಳು. ಆ ಒಂದನ್ನು ಈಗ ಮಂಜು ಕಾಯಿಸುತ್ತಿತ್ತು.

ಒಂಬತ್ತು ಗಂಟೆಯಾಯಿತು. ದೊಡ್ಡವಳು ಅಪ್ಪನಿಗೆ ಬಿಸಿನೀರು ತೋಡಿಕೊಡಲು ಹಿತ್ತಲಿಗೆ ಹೋದಳು. ಕ್ಯಾಮೆರಾ ಹೊಲಿಗೆ ಮೆಷಿನ್ನಿನ ಮೇಲಿತ್ತು. ಕೆಳಗೆ ಕತ್ತರಿಸಿಟ್ಟ ನೀಲಿ ಬಟ್ಟೆಗಳ ಗುಡ್ಡೆಯ ನಡುವೆ ಚಿಕ್ಕವಳ ಮಗಳು ಕೂತಿದ್ದಳು. ಹನ್ನೊಂದು ತಿಂಗಳು. ಮೂರು ವಾರದಿಂದ ಎದ್ದು ನಿಲ್ಲಲು ನೋಡುವುದು, ಧೊಪ್ಪನೆ ಕೂರುವುದು, ತಾನು ಬಿದ್ದದ್ದಕ್ಕೆ ಮನೆಯವರನ್ನೆಲ್ಲ ದುರುಗುಟ್ಟಿ ನೋಡುವುದು, ಇದೇ ನಡೆದಿತ್ತು. ಈಗ ಅದು ಮೆಷಿನ್ನಿನ ಕಬ್ಬಿಣದ ಕಾಲು ಹಿಡಿದುಕೊಂಡಿತು. ಮಂಡಿ ಎತ್ತಿತು. ಎದ್ದಿತು. ನಿಂತಿತು. ಆಮೇಲೆ ಒಂದು ಕೈ ಬಿಟ್ಟಿತು.

ತಾಯಿಯಾದವಳು ಆಗ ಏನು ಮಾಡುತ್ತಾಳೆ? ಲೆಕ್ಕ ಹಾಕುತ್ತಾಳೆಯೇ? ಚಿಕ್ಕವಳ ಕೈ ತಾನಾಗಿಯೇ ಮೆಷಿನ್ನಿನ ಮೇಲೆ ಹೋಯಿತು, ಮುಚ್ಚಳ ಸರಿಯಿತು, ಮಿಂಚು ಹೊಡೆಯಿತು. ಮಗು ಎರಡನೆಯ ಕೈಯನ್ನೂ ಬಿಟ್ಟು, ಅರೆಗಳಿಗೆ ಲೋಕದಲ್ಲಿ ಒಬ್ಬಳೇ ನಿಂತು, ಕೂತುಬಿಟ್ಟಿತು.

ಆಗ ಕ್ಯಾಮೆರಾ ಕೂಗಲು ಶುರುಮಾಡಿತು. ಕೊನೆಯ ಫೋಟೋ ತೆಗೆದ ಮೇಲೆ ಅದು ಇಡೀ ರೋಲನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಚಿಕ್ಕವಳಿಗೆ ಒಂದು ಯುಗವಾಯಿತು. ಕೈಗೆ ಸಿಕ್ಕ ನೀಲಿ ಬಟ್ಟೆಯಲ್ಲಿ ಅದನ್ನು ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದು ಬಾಗಿ ಕೂತಳು, ಹೊಟ್ಟೆನೋವು ಬಂದವಳ ಹಾಗೆ. ಪಕ್ಕದ ಕೋಣೆಯಲ್ಲಿ ಅತ್ತೆಯ ಜಪದ ಪಿಸುಮಾತು ಒಂದು ಕ್ಷಣ ನಿಂತು, ಮತ್ತೆ ಸಾಗಿತು.

ಕ್ಯಾಮೆರಾವನ್ನು ಮತ್ತೆ ಮೆಷಿನ್ನಿನ ಮೇಲಿಟ್ಟು, ಹೇಳಿಬಿಡಬೇಕು ಎಂದುಕೊಂಡೇ ಅವಳು ಎದ್ದಳು. ದೇವರಾಣೆಗೂ ಹಾಗೆಂದುಕೊಂಡೇ ಎದ್ದಳು. ಆದರೆ ಅಷ್ಟರಲ್ಲಿ ಮಂಜು ಹರಿಯಿತು. ಎದುರು ಮನೆಯ ಗೋಡೆಯ ಮೇಲೆ ಹಳದಿ ಬಿಸಿಲು ಬಿದ್ದಿತು. "ಬಂತು ಬಂತು! ಅಪ್ಪ, ಗೇಟಿನ ಹತ್ರ ನಿಲ್ಲು!" ಎಂದು ದೊಡ್ಡವಳು ಸಣ್ಣ ಹುಡುಗಿಯ ಹಾಗೆ ಓಡಿಬಂದು ಕ್ಯಾಮೆರಾ ಎತ್ತಿಕೊಂಡು ಹೋದಳು.

ಅಜ್ಜ ಮೀಸೆಗೆ ಎಣ್ಣೆ ಸವರಿ ಬಾಚಿಕೊಂಡಿದ್ದರು. ದೊಡ್ಡವಳು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಅಂಗೈಗೆ ಬಡಿದಳು, ಬ್ಯಾಟರಿ ತೆಗೆದು ಸೆರಗಿಗೆ ಉಜ್ಜಿ ಹಾಕಿದಳು. ಆಮೇಲೆ ಅಂಕಿ ಕಾಣುವ ಸಣ್ಣ ಕಿಂಡಿಯೊಳಗೆ ನೋಡಿದಳು. ಅಲ್ಲಿ ಸೊನ್ನೆ ಇತ್ತು.

"ಮುಗಿದೇ ಹೋಗಿದೆ," ಅಂದಳು. "ಅಯ್ಯೋ, ನಾನೇ ತಪ್ಪು ಎಣಿಸಿದ್ದೀನಿ."

"ಹೋಗ್ಲಿ ಬಿಡು ಮಗಳೇ. ವಾಪಸ್ ಬಂದ ಮೇಲೆ ತೆಗಿ," ಅಂದರು ಅಜ್ಜ. ವಾಪಸ್ ಬಂದ ಮೇಲೆ ತೆಗೆಯುವುದು ಬೇರೆಯ ಮುಖವನ್ನು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸ್ಟುಡಿಯೋ ಬಾಗಿಲು ತೆಗೆಯುವುದೇ ಹತ್ತಕ್ಕೆ. ಬಸ್ಸು ಹೊರಡುವುದೂ ಹತ್ತಕ್ಕೆ. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರನ್ನು ಬಿಡುವುದಿಲ್ಲವಾದ್ದರಿಂದ ದೊಡ್ಡವಳ ಗಂಡ ಮಾವನ ಚೀಲ ಹಿಡಿದು ಜೊತೆಗೆ ಹೊರಟ. ಆಪರೇಷನ್ ಮುಗಿದ ಮೇಲೆ ದೊಡ್ಡವಳು ಹೋಗುವುದೆಂದು ಮಾತಾಗಿತ್ತು. ಅಂದು ಸಂಜೆಯೊಳಗೆ ನಲವತ್ತು ಸಮವಸ್ತ್ರ ಶಾಲೆಗೆ ಸೇರಬೇಕಿತ್ತು.

ಚಿಕ್ಕವಳು ಬಾಗಿಲ ಹಿಂದೆ ನಿಂತಿದ್ದಳು. ನಾಲಿಗೆ ಹಲ್ಲಿನ ಹಿಂದೆ ನಿಂತಿತ್ತು.

ದೊಡ್ಡವಳು ಬಂದು ಮೆಷಿನ್ನಿಗೆ ಕೂತಳು. ಅಳಲಿಲ್ಲ. ತುಳಿದಳು, ತುಳಿದಳು, ತುಳಿಯುತ್ತಲೇ ಹೋದಳು. ಒಂದು ಗಂಟೆಯ ಮೇಲೆ ಒಂದು ಅಂಗಿಯನ್ನು ಎತ್ತಿ ಹಿಡಿದು ನೋಡಿದರೆ ತೋಳು ಹಿಂದುಮುಂದಾಗಿ ಕೂತಿತ್ತು. ಹದಿನಾಲ್ಕು ವರ್ಷದಲ್ಲಿ ಅವಳ ಕೈಯಿಂದ ಅಂಥದ್ದು ಆಗಿದ್ದನ್ನು ಯಾರೂ ಕಂಡಿರಲಿಲ್ಲ. ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚುತ್ತ, ತಲೆಯೆತ್ತದೆ ಹೇಳಿದಳು: "ನಂದೇ ತಪ್ಪು ಕಣೇ. ಆಸೆ ಜಾಸ್ತಿ ಆಯ್ತು. ಕೊನೇದು ಕೊನೇದು ಅಂತ ಇಟ್ಕೊಂಡೆ. ಮೊದಲೇ ತೆಗೆದುಬಿಟ್ಟಿದ್ರೆ ಆಗ್ತಿತ್ತು."

ಬೈದಿದ್ದರೆ ಚಿಕ್ಕವಳು ತಿರುಗಿ ಬೈದು ಹಗುರಾಗುತ್ತಿದ್ದಳು. ಇದು ಹಾಗಲ್ಲ. ಯಾರದೋ ತಪ್ಪನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದರೆ, ಆ 'ಯಾರೋ' ಎಲ್ಲಿಗೆ ಹೋಗಿ ಮುಖ ತೊಳೆಯಬೇಕು?

ಅತ್ತೆಯ ಕೋಣೆಯಿಂದ ಕರೆ ಬಂತು. ಅವರು ಮಣಿಸರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಬೆಳಗ್ಗೆ ಒಳಗೆಲ್ಲೋ ದುಂಬಿ ಗುಂಯ್ ಅಂತಿತ್ತಲ್ಲ, ಆಚೆ ಹೋಯ್ತೇನಮ್ಮಾ?"

"ಯಾವ ದುಂಬಿ ಅತ್ತೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವಳ ಕೈ ಹೊಟ್ಟೆಯ ಮೇಲೆ ಹೋಯಿತು.

"ಅದೇ, ಬಟ್ಟೆಯೊಳಗೆ ಸಿಕ್ಕಿಕೊಂಡಿತ್ತಲ್ಲ." ಅತ್ತೆ ಒಂದು ಮಣಿ ಸರಿಸಿದರು. "ಹೋಗ್ಲಿ. ಎರಡು ಗಂಟೆಗೆ ಒಂದು ಬಸ್ಸಿದೆ. ಆಸ್ಪತ್ರೆಯಲ್ಲಿ ನಾಲ್ಕಕ್ಕೆ ಒಳಗೆ ಬಿಡ್ತಾರೆ, ಆರಕ್ಕೆ ಆಚೆ ಕಳಿಸ್ತಾರೆ. ಯಾಕೋ ನೆನಪಾಯ್ತು, ಹೇಳಿದೆ." ಇನ್ನೊಂದು ಮಣಿ. "ದೇವರಿಗೆ ಎಲ್ಲಾ ಬರುತ್ತೆ. ಕಣ್ಣು ಮುಚ್ಚಿಕೊಳ್ಳೋದು ಮಾತ್ರ ಬರಲ್ಲ ಮಗಾ."

ಚಿಕ್ಕವಳು ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದಳು. ಅಂದು ರಜೆಯಾಗಿದ್ದರೂ "ಪ್ರೆಸ್ಸಲ್ಲಿ ಅರ್ಜೆಂಟಂತೆ ಅಕ್ಕ, ಮಗು ನೋಡ್ಕೋತೀರಾ?" ಎಂದಳು. ಒಂದು ಸುಳ್ಳು ತೀರಿಸಲು ಇನ್ನೊಂದು ಸುಳ್ಳು.

"ಬಿಟ್ಟು ಹೋಗು. ನಲವತ್ತು ಅಂಗಿ ಜೊತೆಗೆ ಇದೊಂದು ಗುಂಡಿ," ಅಂದಳು ದೊಡ್ಡವಳು. ನಗುವಷ್ಟು ತ್ರಾಣ ಇಲ್ಲದಿದ್ದರೂ ಮಗುವಿನ ಕೆನ್ನೆ ಹಿಂಡಿದಳು.

ಅವಳು ಅತ್ತೆಯ ಮೊಳೆಯಿಂದ ಇಳಿಸಿ ತಂದಿದ್ದ ಕ್ಯಾಮೆರಾದ ಹಿಂಬಾಗಿಲು ತೆಗೆದು ಸ್ಟುಡಿಯೋದವನು ಹಳೆಯ ರೋಲು ಎತ್ತಿಕೊಂಡ. ಹೊಸದನ್ನು ಕೂರಿಸಿ, ತುದಿಯನ್ನು ಕೆಂಪು ಗೆರೆಯವರೆಗೆ ಎಳೆದು, ಮುಚ್ಚಿದ. ಚಿಕ್ಕವಳಿಗೆ ಒತ್ತುವುದು ಗೊತ್ತಿತ್ತೇ ಹೊರತು ತುಂಬುವುದು ಗೊತ್ತಿರಲಿಲ್ಲ, ಅದು ಯಾವಾಗಲೂ ದೊಡ್ಡವಳ ಕೆಲಸ.

"ಇದನ್ನ ತೊಳೆಯೋಕೆ ಹಾಕ್ಲಾ?"

"ಹಾಕಿ. ಆದ್ರೆ ಯಾರೇ ಬಂದ್ರೂ ಕೊಡಬೇಡಿ. ನಾನೇ ಬರ್ತೀನಿ." ಹೇಳಿದ ಮೇಲೆ ತನ್ನ ಮಾತು ತನಗೇ ಕಳ್ಳಿಯ ಮಾತಿನ ಹಾಗೆ ಕೇಳಿತು. "ಅಣ್ಣಾ, ಹಾಸಿಗೆಯಲ್ಲಿರೋರ ಫೋಟೋ ತೆಗೆಯೋದು. ಮಿಂಚು ಬೇಡ. ಕಣ್ಣಿಗೆ ಹೊಡೆಯುತ್ತೆ."

"ಕಿಟಕಿ ಕಡೆ ಮುಖ ಮಾಡಿಸಿ, ಮಿಂಚಿನ ಮೇಲೆ ಬೆರಳಿಡಿ. ಉಸಿರು ಬಿಗಿಹಿಡಿದು ಒತ್ತಿ. ಕೈ ಅಲ್ಲಾಡಿದ್ರೆ ದೇವರೇ ಗತಿ."

ಎರಡು ಗಂಟೆ ಬಸ್ಸು. ಅವಳು ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಕಟ್ಟಿ, ಬಿಸಿ ಬಿಸಿ ಮೊಟ್ಟೆ ಹಿಡಿದವಳ ಹಾಗೆ ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ತಲುಪಿದಾಗ ನಾಲ್ಕೂವರೆ.

ವಾರ್ಡಿನಲ್ಲಿ ಹನ್ನೆರಡು ಮಂಚ. ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ, ಆಮೇಲೆ ಬಿಳಿ. ಭಾವ ಔಷಧಿಯಂಗಡಿಗೆ ಹೋಗಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಕೂತಿದ್ದ. ಚಿಕ್ಕವಳು ಅವನನ್ನು ದಾಟಿ ಮುಂದೆ ಹೋದಳು.

"ಎಲ್ಲಿಗೆ ತಾಯಿ? ಅಜ್ಜ ಇಲ್ಲೇ ಇದ್ದಾನೆ."

ತಿರುಗಿ ನೋಡಿದಳು. ಮೀಸೆ ಇರಲಿಲ್ಲ. ಆಪರೇಷನ್ನಿಗೆಂದು ಕ್ಷೌರದವನು ಬಂದು ನುಣ್ಣಗೆ ಬೋಳಿಸಿ ಹೋಗಿದ್ದ.

"ಒಂದು ಗಂಟೆ ಮೊದಲು ಬಂದಿದ್ರೆ ಮೀಸೆಯೂ ಸಿಗ್ತಿತ್ತು. ಯಾಕೆ ಬಂದೆ? ಮಗು ಹುಷಾರಾ?"

ಅವಳಿಗೆ ಅಳು ಒತ್ತಿ ಬಂತು. ತಡವಾಯಿತು, ಬೇಕಾಗಿದ್ದ ಮುಖ ಹೋಗಿಯೇ ಹೋಯಿತು ಎಂದುಕೊಂಡಳು. ಆಮೇಲೆ ಸರಿಯಾಗಿ ನೋಡಿದಳು. ನಲವತ್ತು ವರ್ಷ ಮೀಸೆಯ ಕೆಳಗೆ ಬಿಸಿಲು ಕಾಣದ ಆ ಮೇಲ್ತುಟಿ ಎಳೆಯದಾಗಿತ್ತು. ನಡುವೆ ಒಂದು ಸಣ್ಣ ಕುಳಿ, ಬಲಕ್ಕೆ ತುಸು ಎತ್ತರ. ದೊಡ್ಡವಳು ಸೂಜಿಗೆ ದಾರ ಪೋಣಿಸುವಾಗ ಹೀಗೇ ತುಟಿ ಎತ್ತುತ್ತಿದ್ದಳು. ಮಗಳ ಮುಖ ಅಪ್ಪನ ಮೀಸೆಯ ಹಿಂದೆ ಇಷ್ಟು ದಿನ ಅಡಗಿಕೊಂಡಿತ್ತು.

"ಅಜ್ಜ, ನಿಮ್ಮ ಫೋಟೋ ತೆಗೀಬೇಕು. ಕಿಟಕಿ ಕಡೆ ತಿರುಗಿ."

ಅಜ್ಜ ತಿರುಗಿದರು. ಅವಳು ಕ್ಯಾಮೆರಾ ಎತ್ತಿದಳು. ಎತ್ತಿದ್ದೇ ತಡ, ಅಜ್ಜನ ಬಲಗೆನ್ನೆ ತುಂಬಿಕೊಂಡಿತು, ಕಣ್ಣು ಹೊರಬಂತು.

"ಅಜ್ಜ, ಊದಬೇಡಿ."

"ಊದಿದೆನಾ?"

"ಊದಿದ್ರಿ."

ಇನ್ನೊಂದು. ಮತ್ತೆ ಕೆನ್ನೆ. ಇನ್ನೊಂದು. ಮತ್ತೆ. "ನಲವತ್ತು ವರ್ಷ ಕ್ಯಾಮೆರಾ ಕಂಡಾಗಲೆಲ್ಲ ಊದಿದ್ದೀನಿ ತಾಯಿ. ಈ ಕೆನ್ನೆಗೆ ಬೇರೆ ವಿದ್ಯೆ ಗೊತ್ತಿಲ್ಲ," ಎಂದು ಅವರು ದವಡೆ ಹಿಡಿದುಕೊಂಡು ನಕ್ಕರು. ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವನು ಸುಮ್ಮನಿರಲಾರದೆ ಹೇಳಿದ: "ಅಜ್ಜಾ, ಗಾಳಿ ಬಿಡೋ! ಟ್ಯೂಬು ಒಡೆದೀತು!" ಆಚೆ ಮಂಚದವನು, "ಅಕ್ಕಾ, ನಂದೂ ಒಂದು ತೆಗಿ, ನಾನು ಊದಲ್ಲ," ಅಂದ. ವಾರ್ಡೆಲ್ಲ ನಕ್ಕಿತು. ನರ್ಸಮ್ಮ ಬಂದು ಎಲ್ಲರನ್ನೂ ಗದರಿ, ತಾನೂ ಬಾಗಿಲಲ್ಲಿ ನಿಂತು ನೋಡಿದಳು.

ಹನ್ನೊಂದು ಫೋಟೋ ಹೋದವು. ಹನ್ನೊಂದರಲ್ಲೂ ತುತ್ತೂರಿ ಇಲ್ಲದ ತುತ್ತೂರಿಯವರು. ಕಿಟಕಿಯ ಬೆಳಕು ಹಳದಿಯಿಂದ ಕಂದಿಗೆ ತಿರುಗುತ್ತಿತ್ತು. ಚಿಕ್ಕವಳು ಸ್ಟೂಲಿನ ಮೇಲೆ ಕುಸಿದು ಕೂತಳು.

"ಯಾಕಮ್ಮಾ ಇಷ್ಟು ದೂರ ಬಂದೆ? ಅವಳು ಕಳಿಸಿದಳಾ?"

"ಇಲ್ಲ. ಅಕ್ಕಂಗೆ ಗೊತ್ತಿಲ್ಲ."

ಇನ್ನು ಹೇಳಲೇಬೇಕಿತ್ತು. ಆದರೆ ಆ ಕಣ್ಣುಗಳನ್ನು ನೋಡುತ್ತ ಹೇಳುವುದು ಅವಳಿಂದಾಗಲಿಲ್ಲ. ಕ್ಯಾಮೆರಾವನ್ನು ಮತ್ತೆ ಎತ್ತಿ ಮುಖಕ್ಕೆ ಹಿಡಿದುಕೊಂಡಳು. ಮುಖ ಮುಚ್ಚಿಕೊಳ್ಳಲು ಆ ಸೋಪಿನ ಡಬ್ಬಿ ಸಾಕಾಗಿತ್ತು. ಅದರ ಹಿಂದಿನಿಂದ ಮಾತಾಡಿದಳು.

"ಅಜ್ಜ, ಅಕ್ಕ ತಪ್ಪು ಎಣಿಸಿರಲಿಲ್ಲ. ಕೊನೇದು ಇತ್ತು. ನಿಮಗೆ ಅಂತಲೇ ಇತ್ತು. ನಾನು ಕದ್ದೆ."

ಗಾಜಿನ ಪುಟ್ಟ ಕಿಂಡಿಯೊಳಗೆ ಅಜ್ಜನ ಮುಖ ಅಲುಗಾಡಲಿಲ್ಲ. ಕೆನ್ನೆಗಳು ತಮ್ಮ ಪಾಡಿಗೆ ಇದ್ದವು.

"ಬೆಳಗ್ಗೆ ನೀವು ಹಿತ್ತಲಲ್ಲಿದ್ರಿ. ಮಗು ಮೆಷಿನ್ ಹಿಡ್ಕೊಂಡು ಎದ್ದುಬಿಡ್ತು. ಒಂದು ಕೈ ಬಿಡ್ತು ಅಜ್ಜ. ನನಗೆ ಏನೂ ತೋಚಲಿಲ್ಲ. ಒತ್ತಿಬಿಟ್ಟೆ."

"ನಿಂತಳಾ?" ಅಂದರು ಅಜ್ಜ.

ಆ ಒಂದು ಮಾತಿನಲ್ಲಿ ದವಡೆ, ಆಪರೇಷನ್ನು, ನಾಳೆಯ ಬೆಳಗು ಎಲ್ಲವೂ ಅವರ ಮುಖದಿಂದ ಇಳಿದುಹೋದವು. ಹುಬ್ಬು ಮೇಲೆ ಹೋದವು. ಆ ಎಳೆಯ ತುಟಿ ತೆರೆಯಿತು. ಯಾರೋ ದೂರದಿಂದ ಒಳ್ಳೆಯ ಸುದ್ದಿ ಕೂಗಿ ಹೇಳುತ್ತಿರುವಾಗ ಕೇಳಿಸಿಕೊಳ್ಳುವವನ ಮುಖ. ಚಿಕ್ಕವಳ ಬೆರಳು ಮಿಂಚಿನ ಮೇಲಿತ್ತು. ಉಸಿರು ಹಿಡಿದಳು. ಒತ್ತಿದಳು.

ಅಜ್ಜನಿಗೆ ಅದು ಗೊತ್ತೂ ಆಗಲಿಲ್ಲ. "ಎಷ್ಟು ಹೊತ್ತು ನಿಂತಳು? ಬಿದ್ದಳಾ? ಅತ್ತಳಾ?" ಎಂದು ಕೇಳುತ್ತಲೇ ಇದ್ದರು. ಎಲ್ಲ ಕೇಳಿ ಮುಗಿದ ಮೇಲೆ ತಮ್ಮದೊಂದು ಕತೆ ತೆಗೆದರು.

"ಒಂದು ಸಲ ಮೆರವಣಿಗೆಯಲ್ಲಿ ತಪ್ಪು ಸ್ವರ ಊದಿಬಿಟ್ಟೆ. ನಿಂತುಬಿಟ್ಟೆ, ನಾಚಿಕೆಗೆ. ನಮ್ಮ ಮೇಷ್ಟ್ರು ಬೆನ್ನಿಗೆ ಗುದ್ದಿದ್ರು. 'ಊದಿದ್ದು ವಾಪಸ್ ಬರಲ್ಲ ಕಣೋ, ಮುಂದಿಂದು ಊದು' ಅಂದ್ರು. ಅಷ್ಟೇ ತಾಯಿ. ಅವಳಿಗೆ ನಾನು ಹೇಳಲ್ಲ. ಹೇಳೋದು ನಿನ್ನ ಸ್ವರ." ಅವಳ ತಲೆಯ ಮೇಲೆ ಕೈಯಿಟ್ಟರು. ಆರರ ಗಂಟೆ ಬಡಿಯಿತು.

ಅವಳು ಮನೆಗೆ ಬಂದಾಗ ದೊಡ್ಡವಳು ಬಾಗಿಲಲ್ಲೇ ಕಾಯುತ್ತಿದ್ದಳು. ಬೆಳಗ್ಗಿನಿಂದ ಆ ಮುಖದಲ್ಲಿ ಕಾಣದಿದ್ದ ಬೆಳಕು ಕಾಣುತ್ತಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆ! ನಿನ್ನ ಮಗಳು ನಿಂತಳು ಕಣೇ! ನಾಲ್ಕು ಗಂಟೆಗೆ, ಇಲ್ಲೇ, ನನ್ನ ಸೆರಗು ಹಿಡ್ಕೊಂಡು! ಹೆತ್ತವಳಿಗೂ ಮೊದಲು ನೋಡಿದ್ದು ನಾನು! ದೊಡ್ಡಮ್ಮ ಅಂದ್ರೆ ಸುಮ್ನೆ ಅಲ್ಲ!"

ಹೇಳಬೇಕೆಂದು ಚಿಕ್ಕವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಹೊಸ್ತಿಲಲ್ಲೇ ಬಿಚ್ಚಿಹೋಯಿತು. ಅಪ್ಪನನ್ನು ಕಳಿಸಿ ಕೂತವಳಿಗೆ ದೇವರು ಆ ದಿನ ಕೊಟ್ಟಿದ್ದು ಅದೊಂದೇ. ಅದನ್ನೂ ಕಿತ್ತುಕೊಳ್ಳುವುದೇ? "ಹೌದಾ ಅಕ್ಕ?" ಎಂದು ಮಗುವನ್ನು ಎತ್ತಿಕೊಂಡು ಅದರ ಕತ್ತಿನಲ್ಲಿ ಮುಖ ಹುದುಗಿಸಿದಳು. ಅತ್ತೆ ಕೋಣೆಯಿಂದ ನೋಡಿ, ಒಂದು ಮಣಿ ಸರಿಸಿದರು.

ಆಪರೇಷನ್ನು ದೇವರ ದಯೆಯಿಂದ ಚೆನ್ನಾಗಿಯೇ ಆಯಿತು. ದೊಡ್ಡವಳು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಬಂದವಳು ಕೈಕಾಲು ತೊಳೆದು, ಚಹಾ ಕುಡಿದು, ಮೆಷಿನ್ನಿನ ಮುಂದೆ ಕೂತಳು.

"ಜೀವ ಉಳೀತು, ಅಷ್ಟು ಸಾಕು," ಅಂದಳು. "ಎಡಗಡೆ ಮುಖ, ಬಟ್ಟೆ ಹೆಚ್ಚಾದಾಗ ಒಳಗೆ ಮಡಿಸಿ ಹೊಲೀತೀವಲ್ಲ, ಹಾಗಾಗಿದೆ. ಅದೂ ನಮ್ಮಪ್ಪನೇ, ಇಲ್ಲ ಅನ್ನಲ್ಲ. ಆದ್ರೆ ಒಂದೇ ವಾರ ಕಣೇ. ಮೊದಲಿನ ಮುಖ ಹೇಗಿತ್ತು ಅಂತ ಕಣ್ಮುಚ್ಚಿ ನೆನೆಸಿಕೊಂಡ್ರೆ ತುತ್ತೂರಿ ಬರುತ್ತೆ, ಮುಖ ಬರಲ್ಲ."

ಚಿಕ್ಕವಳು ಚಪ್ಪಲಿ ಮೆಟ್ಟಿಕೊಂಡು ಸ್ಟುಡಿಯೋಗೆ ಹೋದಳು.

ಹೊಸ ರೋಲನ್ನು ಅವಳು ಊರಿಗೆ ಬಂದ ಮರುದಿನವೇ ತೊಳೆಯಲು ಕೊಟ್ಟಿದ್ದಳು. "ಹನ್ನೆರಡೇ ಆಗಿದೆ, ಇನ್ನೂ ಇಪ್ಪತ್ನಾಲ್ಕಿದೆ, ಸುಮ್ನೆ ಹಾಳಾಗುತ್ತೆ," ಎಂದು ಅವನು ಹೇಳಿದ್ದ. "ಆಗಲಿ ಅಣ್ಣ," ಎಂದು ಇವಳು ಅಂದಿದ್ದಳು. ಅವನು ಗುಂಡುಸೂಜಿಯಿಂದ ಕ್ಯಾಮೆರಾದ ತಳದ ಸಣ್ಣ ಗುಂಡಿ ಒತ್ತಿ ಅರ್ಧದಲ್ಲೇ ಸುತ್ತಿಸಿ ತೆಗೆದುಕೊಂಡಿದ್ದ. ಆ ರೋಲಿನ ತನ್ನ ಪಾಲು ಹೋಯಿತೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಈಗ ಎರಡೂ ಲಕೋಟೆ ಕೈಗೆ ಬಂದವು. ಅವಳು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು ತೆಗೆದಳು. ಊದಿದ ಕೆನ್ನೆ, ಊದಿದ ಕೆನ್ನೆ, ಅಲ್ಲಾಡಿ ಮಸುಕಾದದ್ದು, ಊದಿದ ಕೆನ್ನೆ. ಹನ್ನೆರಡನೆಯದು ಬಂತು. ಒಂದು ಮೂಲೆ ಅವಳ ಬೆರಳಿನ ನೆರಳಿನಿಂದ ಕಂದಾಗಿತ್ತು, ತಲೆಯ ಮೇಲಿನ ಕೂದಲು ಸ್ವಲ್ಪ ಕತ್ತರಿಸಿಹೋಗಿತ್ತು. ಆದರೆ ಮುಖ ಇತ್ತು. ಪೂರ್ತಿ ಇತ್ತು. ಯಾರದೋ ಮೊಮ್ಮಗಳು ನಿಂತಳೆಂದು ಕೇಳಿ ಬೆರಗಾದ ಮನುಷ್ಯ, ಕಿಟಕಿಯ ಬೆಳಕಿನಲ್ಲಿ.

ಎರಡನೆಯ ಲಕೋಟೆಯ ಕೊನೆಯಲ್ಲಿ ಮಗು. ಮೆಷಿನ್ನಿನ ಕಾಲು, ನೀಲಿ ಬಟ್ಟೆಯ ಗುಡ್ಡೆ, ಬಿಟ್ಟ ಒಂದು ಕೈ. ನೆಗೆಟಿವ್ವಿನ ಅಂಚಿನಲ್ಲಿ ಮೂವತ್ತಾರು ಎಂದು ಅಚ್ಚಾಗಿತ್ತು.

ಇದನ್ನು ತೆಗೆದಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಜ್ಜ ಹೇಳುವುದಿಲ್ಲ. ಅತ್ತೆ ಹೇಳುವುದಿಲ್ಲ. ದೊಡ್ಡವಳಿಗೆ ಅಪ್ಪನ ಮುಖವೂ ಸಿಗುತ್ತದೆ, ಮಗು ನಿಂತಿದ್ದನ್ನು ಮೊದಲು ನೋಡಿದವಳು ತಾನೇ ಎಂಬ ಹೆಮ್ಮೆಯೂ ಉಳಿಯುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅವಳು ಫೋಟೋವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನಾಲ್ಕು ಹೆಜ್ಜೆ ನಡೆದಳು. ಆಗ, "ನಾನೇ ತಪ್ಪು ಎಣಿಸಿದ್ದೀನಿ" ಎಂದ ಮಾತು ನೆನಪಾಯಿತು. ಇದನ್ನು ಮುಚ್ಚಿಟ್ಟರೆ ದೊಡ್ಡವಳು ಸಾಯುವವರೆಗೂ ತನ್ನ ಲೆಕ್ಕ ತಪ್ಪಿತ್ತು ಎಂದೇ ನಂಬಿರುತ್ತಾಳೆ. ಒಂದು ಗೇಣಿಗೆ ಹತ್ತು ಸಲ ಅಳತೆ ಹಿಡಿಯುವವಳು. ದೇವರೇ, ಬಾಯಿಗೆ ಬಲ ಕೊಡು ಎಂದುಕೊಳ್ಳುತ್ತ ಮನೆಗೆ ಬಂದಳು.

ದೊಡ್ಡವಳು ಕಾಜ ಹೊಲಿಯುತ್ತಿದ್ದಳು. ಚಿಕ್ಕವಳು ಅಜ್ಜನ ಫೋಟೋವನ್ನು ಅವಳ ಮಡಿಲ ಬಟ್ಟೆಯ ಮೇಲಿಟ್ಟಳು.

ಸೂಜಿ ನಿಂತಿತು. ದೊಡ್ಡವಳು ಫೋಟೋ ಎತ್ತಿಕೊಳ್ಳಲಿಲ್ಲ, ಅದರ ಮೇಲೆ ಬಾಗಿದಳು. ಎಷ್ಟೋ ಹೊತ್ತು. ಆಮೇಲೆ ತನ್ನ ಮೇಲ್ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡಳು. ಒಂದು ಹನಿ ಅಂಗಿಯ ಮೇಲೆ ಬಿತ್ತು. ಫೋಟೋದ ಮೇಲೆ ಬೀಳದ ಹಾಗೆ ಅದನ್ನು ಪಕ್ಕಕ್ಕೆ ಸರಿಸಿದಳು.

"ಇದು... ಯಾವಾಗ? ಪ್ರೆಸ್ಸು ಅಂತ ಹೋಗಿದ್ದು ಅವತ್ತು ಅಲ್ಲಿಗಾ?"

"ಹೂಂ."

"ಯಾಕೆ ಹೇಳಲಿಲ್ಲ? ಬಸ್ಸಲ್ಲಿ ಅಷ್ಟು ದೂರ, ಒಬ್ಬಳೇ, ನಮ್ಮಪ್ಪನಿಗೋಸ್ಕರ..." ದೊಡ್ಡವಳು ಅವಳ ಕೈ ಹಿಡಿದುಕೊಂಡಳು. "ನಿನ್ನ ಋಣ ನಾನು ಹೇಗೆ ತೀರಿಸಲಿ ಹೇಳು."

"ಋಣ ನಂದು ಅಕ್ಕ."

ಚಿಕ್ಕವಳು ನೆಲದ ಮೇಲೆ, ಬಟ್ಟೆಯ ತುಂಡುಗಳ ನಡುವೆ ಕೂತಳು. ಸೊಂಟದಿಂದ ಇನ್ನೊಂದು ಫೋಟೋ ತೆಗೆದಳು. ಬೆವರಿಗೆ ಅದರ ಒಂದು ತುದಿ ಮೆತ್ತಗಾಗಿತ್ತು. ಸೆರಗಿನಿಂದ ಒರೆಸಿದಳು.

"ನೀವು ಎಣಿಸಿದ್ದು ಸರಿಯಾಗೇ ಇತ್ತು," ಎಂದು ಹೇಳಿ, ಮೂವತ್ತಾರನೆಯದನ್ನು ದೊಡ್ಡವಳ ಕೈಯಲ್ಲಿಟ್ಟಳು.